ಸೊಂಟಕ್ಕೆ ಬೆಲ್ಟೋ, ಚಾಪೆಯೋ?

ಸೊಂಟನೋವಿಗೆ ಬೆಲ್ಟ್ ಕಟ್ಟಬೇಕೋ, ಚಾಪೆ ಹಾಸಿ ವ್ಯಾಯಾಮ ಮಾಡಬೇಕೋ? ಮೊದಲೇ ಹೇಳಿಬಿಡುತ್ತೇನೆ, ನಾನು ಚಾಪೆ ಪಕ್ಷ. 900 ರೂಪಾಯಿ ಕೊಟ್ಟು ತಂದ ಬೆಲ್ಟ್ ಅಟ್ಟ ಸೇರಿದೆ.

ಹೋದ ಮಳೆಗಾಲ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವಾಗ ಮೈಲುತುತ್ತದ ಕೊಡವನ್ನು ಬಗ್ಗಿ, ತಿರುಗಿ ಎತ್ತಿದೆ. ಸೊಂಟ ಹಿಡಿಯಿತು. ಡಾಕ್ಟರು ನೋಡಿ, ಮಲಗಬೇಡಿ, ಓಡಾಡಿಕೊಂಡಿರಿ ಅಂದರು. ನಾನು ತೀರ್ಥಹಳ್ಳಿಗೆ ಓಡಾಡಿ ಬೆಲ್ಟ್ ತಂದೆ.

ಕಟ್ಟಿದ ಕೂಡಲೇ ಹಾಯೆನಿಸಿತು, ಸುಳ್ಳು ಹೇಳಬಾರದು. ಆದರೆ ನಮ್ಮ ಕಡೆ ಜುಲೈಯಲ್ಲಿ ತೆಳ್ಳನೆ ಪಂಚೆಯೇ ಮೂರು ದಿನವಾದರೂ ಒಣಗುವುದಿಲ್ಲ. ಇನ್ನು ಸ್ಪಂಜು ತುಂಬಿದ ಬೆಲ್ಟ್! ಬಚ್ಚಲೊಲೆ ಮೇಲೆ ನೇತುಹಾಕಿದರೆ ಹೊಗೆ ವಾಸನೆ, ಹಾಕದಿದ್ದರೆ ಬೂಸ್ಟು. ಒದ್ದೆಯದ್ದನ್ನೇ ಕಟ್ಟಿ ಸೊಂಟದ ಸುತ್ತ ತುರಿಕೆ ಬೇರೆ.

ವೆಲ್ಕ್ರೋ ಕಥೆ ಇನ್ನೂ ಚೆಂದ. ಅದಕ್ಕೆ ಕಂಬಳಿ ಎಳೆಯೆಲ್ಲ ಹತ್ತಿಕೊಂಡು ಹಿಡಿತವೇ ಹೋಯಿತು. ಸಂಜೆ ಸೂಜಿ ಹಿಡಿದು ಎಳೆ ಕೀಳುತ್ತಾ ಕೂರುವುದೇ ಒಂದು ಕೆಲಸ. ಶ್ರಾವಣದಲ್ಲಿ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಬಂದಾಗ ಅದು ಪರ್ರ್ ಅಂತ ಬಿಚ್ಚಿಕೊಂಡಿತು. ಇಡೀ ಸಾಲು ನನ್ನ ಕಡೆ ನೋಡಿತು.

ಆಮೇಲೆ ಫಿಸಿಯೋ ಹತ್ತಿರ ಹೋದೆ. ಹೊಟ್ಟೆಯ ಒಳಪದರದಲ್ಲಿ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಅಂತ ಸ್ನಾಯು ಇದೆಯಂತೆ, ಸೊಂಟವನ್ನು ಸುತ್ತಿ ಬರುತ್ತದೆ. ಹುಟ್ಟುವಾಗಲೇ ಕಟ್ಟಿಕೊಂಡು ಬಂದ ಬೆಲ್ಟ್, ಒಣಗಿಸುವ ಗೋಳಿಲ್ಲ! ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡು ಮಲ್ಟಿಫಿಡಸ್ ಅನ್ನುವ ಸ್ನಾಯು, ಮೇಲೆ ಉಸಿರಾಟಕ್ಕೆ ನೆರವಾಗುವ ವಪೆ, ಕೆಳಗೆ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಇವೆಲ್ಲ ಒಟ್ಟಿಗೆ ಬಿಗಿಯಾದರೆ ಹೊಟ್ಟೆಯೊಳಗೆ ಒತ್ತಡ ಏರಿ ಬೆನ್ನಿಗೆ ಆಸರೆ ಸಿಗುತ್ತದೆ.

ಹೇಳಿಕೊಟ್ಟಿದ್ದು ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಅವರ 3 ವ್ಯಾಯಾಮ: ಕರ್ಲ್ ಅಪ್ (ಅಂಗಾತ ಮಲಗಿ ತಲೆ, ಭುಜ ತುಸುವೇ ಎತ್ತುವುದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತುವುದು), ಬರ್ಡ್ ಡಾಗ್. ಒಂದೊಂದು ಭಂಗಿಯಲ್ಲಿ 10 ಸೆಕೆಂಡ್ ನಿಂತರೆ ಸಾಕು. ಬರ್ಡ್ ಡಾಗ್ ಅಂದರೆ ಅಂಬೆಗಾಲಲ್ಲಿ ನಿಂತು ಎಡಗೈ, ಬಲಗಾಲು ಚಾಚುವುದು, ಆಮೇಲೆ ಅದಲುಬದಲು. ನಮ್ಮ ನಾಯಿ ಎದುರು ಬಂದು ಕೂತು ಸುಮ್ನೆ ನೋಡುತ್ತಿರುತ್ತದೆ.

ಚಾಪೆಯದ್ದೂ ಒಂದು ತಕರಾರಿದೆ. ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ. ಬಚ್ಚಲ ಹಂಡೆ ಕಾಯುವವರೆಗೆ ನನಗೆ ಹೇಗೂ ಬೇರೆ ಕೆಲಸವಿಲ್ಲ, ಹಾಗಾಗಿ ಬಿಡಲಿಲ್ಲ. ಖರ್ಚು? ಚಾಪೆ ಮನೆಯದ್ದೇ.

ಮಗನ ಮಾತು ಕೇಳಿ ಸಿಟ್ ಅಪ್, ಅಂದರೆ ಮಲಗಿದಲ್ಲಿಂದ ಪೂರ್ತಿ ಎದ್ದು ಕೂರುವುದು, ಅದನ್ನೂ ಮಾಡಿದ್ದೆ. ಎರಡೇ ದಿನ. ನೋವು ಜಾಸ್ತಿಯಾಯಿತು.

ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಲ್ಟೂ ಬೇಡ, ಚಾಪೆಯೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಸಲ ಕೊಡ ಎತ್ತಿದ್ದು ಮಂಡಿ ಮಡಚಿ, ಹೊಟ್ಟೆ ಬಿಗಿ ಹಿಡಿದು, ಅದೂ ಅರ್ಧ ಕೊಡ. ಬೆಲ್ಟ್ ಯಾರಿಗಾದರೂ ಬೇಕಿದ್ದರೆ ಹೇಳಿ, ಬಿಸಿಲು ಬಂದ ದಿನ ಒಣಗಿಸಿ ಕೊಡುತ್ತೇನೆ.