ಒಕಾಮಿ: ಹಳೇ ಗೇಮ್, ಬಣ್ಣ ಮಾಸಿಲ್ಲ

ಹೊರಗೆ ಜಡಿಮಳೆ, ಮಣಿಪಾಲದ ರೂಮಿನಲ್ಲಿ ಕೂತು ‘ಒಕಾಮಿ’ ವಿಡಿಯೊ ಗೇಮ್‌ನ ಚಿತ್ರ ಸ್ಪಷ್ಟಗೊಳಿಸಿದ ಆವೃತ್ತಿ ‘ಒಕಾಮಿ ಎಚ್‌ಡಿ’ ಮುಗಿಸಿದೆ. ಮೂಲ ಆಟ 2006ರದ್ದು, ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2) ಗೇಮ್ ಯಂತ್ರಕ್ಕೆ ಬಂದಿದ್ದು. ಗೇಮ್ ಮಾಡಿದವರು ಮೊದಲು ಎಲ್ಲವೂ ನಿಜದ ಹಾಗೇ ಕಾಣಬೇಕು ಅಂತ ಹೊರಟಿದ್ದರಂತೆ, ಆ ಯಂತ್ರಕ್ಕೆ ಅದು ಭಾರವಾಯಿತು, ಕೊನೆಗೆ ಜಪಾನಿನ ಮಸಿಚಿತ್ರದ ಶೈಲಿಗೆ ಬಂದರು. ಒಳ್ಳೆಯದೇ ಆಯಿತು! ಆ ಕಾಲದ ‘ರಿಯಲಿಸ್ಟಿಕ್’ ಗೇಮ್‌ಗಳ ಮುಖಗಳು ಈಗ ಮೇಣದ ಗೊಂಬೆ ಥರ ಕಾಣುತ್ತವೆ. ಯಕ್ಷಗಾನದ ಬಣ್ಣದ ವೇಷ ನೋಡಿ, ರಾಕ್ಷಸ ನಿಜಕ್ಕೂ ಹೀಗಿರುತ್ತಾನಾ ಅಂತ ನಾವು ಕೇಳಲ್ಲ ಅಲ್ವಾ? ಇಲ್ಲೂ ಹಾಗೇ. ಕುಂಚದಲ್ಲಿ ಗೆರೆ ಎಳೆದರೆ ಶತ್ರು ಎರಡು ತುಂಡು, ಆಕಾಶದಲ್ಲಿ ಸುತ್ತು ಬರೆದರೆ ಸೂರ್ಯ, ಒಣಮರಕ್ಕೆ ಸುತ್ತು ಹಾಕಿದರೆ ಹೂವು. ಶುರುವಿನಲ್ಲಿ ಮಾತು ಜಾಸ್ತಿ, ಬೋರ್ ಹೊಡೆಯುತ್ತದೆ. ಪಿಸಿಯಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಮಾತ್ರ, ನನ್ನ ಹಳೇ ಲ್ಯಾಪ್‌ಟಾಪ್‌ಗೆ ಅದೇ ಪುಣ್ಯ.