ಸ್ಪ್ರಿಂಗ್ ಗನ್ನೋ ಪಿಸಿಪಿಯೋ? ಬಳ್ಳಾರಿ ಗೋದಾಮಿನಲ್ಲಿ ಎರಡನ್ನೂ ಹೊಡೆದು ನೋಡಿದೆ
ಸೆಮಿ ಆಟೋಮ್ಯಾಟಿಕ್ ರೈಫಲ್ ಜೋಡಿಸುವ ವಿಡಿಯೋ ನೋಡಿ ನೋಡಿ ನನಗೂ ಆಸೆ ಹುಟ್ಟಿತ್ತು. ಆದರೆ ಅದು ನಮ್ಮ ದೇಶದಲ್ಲಿ ಮನೆಯಲ್ಲಿ ಕೂತು ಕಟ್ಟುವ ಸಾಮಾನಲ್ಲ. ಉಳಿದದ್ದು ಏರ್ ರೈಫಲ್. ಅದರಲ್ಲಿ ನಾನು ಹೊಡೆದು ನೋಡಿದ್ದು ಎರಡು ಬಗೆ: ಒಳಗಿನ ಸ್ಪ್ರಿಂಗ್ ಬಲದಿಂದ ಹೊಡೆಯುವ ಸ್ಪ್ರಿಂಗ್ ಗನ್, ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ಪಿಸಿಪಿ. ನಳಿಗೆಯ ಬೋರ್ (ಒಳ ಅಗಲ) 0.177 ಇಂಚು, 20 ಜೌಲ್‌ಗಿಂತ ಕಡಿಮೆ ಶಕ್ತಿ ಇದ್ದರೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ಕೊಟ್ಟು ತರಬಹುದು. ಮತ್ತೆ 10 ಮೀಟರ್ ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು, ಒಂದೊಂದೇ ತುಂಬಿ ಹೊಡೆಯೋದು. ತಾನೇ ತುಂಬಿಕೊಳ್ಳುವ ರೈಫಲ್ ಇಟ್ಕೊಂಡು ಏನು ಮಾಡಲಿ?

ಜಾಗಕ್ಕೆ ಮಾವನ ಹಳೇ ಮೆಣಸಿನಕಾಯಿ ಗೋದಾಮು ಸಿಕ್ಕಿತು. ಗುಂಡು ತಡೆಯಲು ಗುರಿಯ ಹಿಂದೆ ದಪ್ಪ ಕಬ್ಬಿಣದ ತಗಡು, ಅದರ ಮುಂದೆ ಜೀನ್ಸ್ ಚಿಂದಿ ಗಿಡಿದು ತುಂಬಿದ ಪೆಟ್ಟಿಗೆ. ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೇನು ಬರ ಹೇಳಿ. ತೊಂದರೆ ಒಂದೇ, ಗುರಿ ಕೂಡಿಬಂದ ಹೊತ್ತಿಗೇ ಘಾಟಿಗೆ ಸೀನು ಬರುತ್ತದೆ.

ಮೊದಲು ತಂದದ್ದು ಸ್ಪ್ರಿಂಗ್ ಗನ್. ನಳಿಗೆಯನ್ನು ಕೀಲಲ್ಲಿ ಮಡಚು, ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕು, ಹೊಡಿ. ಪಂಪು, ಸಿಲಿಂಡರ್ ಯಾವ ರಗಳೆಯೂ ಇಲ್ಲ. ಆದರೆ ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದೆ ನುಗ್ಗುತ್ತದೆ, ಗನ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ಬಡಿದಾಗ ಮತ್ತೆ ಮುಂದಕ್ಕೆ ಜಗ್ಗುತ್ತದೆ, ಇಷ್ಟೆಲ್ಲ ಆಗುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಮರಳು ಚೀಲದ ಮೇಲಿಟ್ಟು ಹೊಡೆದೆ. ಚೀಲವನ್ನು ನಾಲ್ಕು ಬೆರಳು ಹಿಂದೆ ಸರಿಸಿದ್ದಕ್ಕೇ ಗುಂಡು ಬೀಳುವ ಜಾಗ ಬದಲಾಯಿತು! ಬಿಗಿಯಾಗಿ ಹಿಡಿದರೆ ಒಂದು ಕಡೆ, ಅಂಗೈ ಮೇಲೆ ಸುಮ್ನೆ ಮಲಗಿಸಿದರೆ ಇನ್ನೊಂದು ಕಡೆ. ಸಡಿಲವಾಗಿ ಹಿಡಿದಾಗಲೇ ಗ್ರೂಪ್ ಚೆನ್ನಾಗಿ ಬಂತು, ಅಂದರೆ ಗುಂಡುಗಳು ಒತ್ತೊತ್ತಾಗಿ ಬಿದ್ದವು.

"ಸ್ಪ್ರಿಂಗ್ ಗನ್‌ನಲ್ಲಿ ಕಲಿತರೆ ಎಲ್ಲದರಲ್ಲೂ ಹೊಡೀತೀಯ" ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಗುಂಡು ಹತ್ತರ ಬದಲು ಏಳು ಅಂಕದ ಸುತ್ತಿಗೆ ಬಿದ್ದರೆ ತಪ್ಪು ನನ್ನ ಬೆರಳಿನದಾ, ಹಿಡಿತದ್ದಾ, ಗನ್ನಿನದಾ ಗೊತ್ತೇ ಆಗಲ್ಲ. ಎರಡು ತಿಂಗಳು ಹತ್ತು ಗುಂಡಿಗೆ ನೂರರಲ್ಲಿ 76, 81, 74 ಹೀಗೇ ಕುಂಟಿದೆ.

ಆಮೇಲೆ ಒಬ್ಬ ಹಳೇ ಶೂಟರ್ ಹತ್ತಿರ ಸೆಕೆಂಡ್ ಹ್ಯಾಂಡ್ ಪಿಸಿಪಿ ಮ್ಯಾಚ್ ರೈಫಲ್ (ಪಂದ್ಯಕ್ಕೆಂದೇ ಮಾಡಿದ್ದು) ತಗೊಂಡೆ. ಬೆಲೆ ಏಳೆಂಟು ಪಟ್ಟು ಜಾಸ್ತಿ, ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಸಿಲಿಂಡರ್‌ಗೆ 200 ಬಾರ್ ಒತ್ತಡಕ್ಕೆ ಗಾಳಿ ತುಂಬಬೇಕು. ಬಳ್ಳಾರಿ ಏಪ್ರಿಲ್‌ನಲ್ಲಿ ಕೈಪಂಪು ಹೊಡೆದು ನೋಡಿ, ಜಿಮ್ಮೇ ಬೇಡ. ಅದಾದ ಕೂಡಲೇ ರೈಫಲ್ ಎತ್ತಿದರೆ ತೋಳು ನಡುಗುತ್ತದೆ, ಹಾಗಾಗಿ ಹಿಂದಿನ ರಾತ್ರಿಯೇ ತುಂಬಿಡುತ್ತೇನೆ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಬೇಡಿ.

ಒದೆತ ಇಲ್ಲವೇ ಇಲ್ಲ ಅನ್ನಬಹುದು. ಚೀಲ ಎಲ್ಲಿಟ್ಟರೂ ಗುಂಡು ಅದೇ ತೂತಿಗೆ. ಮೊದಲ ದಿನ ಖುಷಿ, ಎರಡನೇ ದಿನ ನಾಚಿಕೆ, ಯಾಕೆಂದರೆ ನಿಂತು ಹೊಡೆದಾಗ 83. ಈಗ ದೂರಲು ಗನ್ ಸಿಗಲ್ಲ, ಅಲ್ವಾ? ಹತ್ತರ ಚುಕ್ಕೆ ಇರೋದೇ ಅರ್ಧ ಮಿಲಿಮೀಟರ್.

ನನಗೆ ನಿಜವಾಗಿ ವ್ಯತ್ಯಾಸ ಮಾಡಿದ್ದು ಡ್ರೈ ಪ್ರಾಕ್ಟೀಸ್, ಅಂದರೆ ಪೆಲೆಟ್ ಹಾಕದೆ ಗುರಿ ಹಿಡಿದು ಬರೀ ಟ್ರಿಗರ್ ಎಳೆಯುವ ಅಭ್ಯಾಸ. ಸ್ಪ್ರಿಂಗ್ ಗನ್ನನ್ನು ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ ತಡೆಯಿಲ್ಲದೆ ಬಡಿದು ಸೀಲು, ಸ್ಪ್ರಿಂಗು ಹಾಳು. ನನ್ನ ಪಿಸಿಪಿಯಲ್ಲಿ ಅದಕ್ಕೇ ಬೇರೆ ವ್ಯವಸ್ಥೆ ಇದೆ, ಗಾಳಿ ಹೋಗದೆ ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ರಾತ್ರಿ ಊಟ ಆದಮೇಲೆ ಖಾಲಿ ಗೋಡೆಗೆ ನಲವತ್ತು ಸಲ. ಖರ್ಚಿಲ್ಲ, ಸದ್ದಿಲ್ಲ. ಮೂರು ವಾರಕ್ಕೆ 90 ದಾಟಿದೆ.

ಕಟ್ಟುವ ಚಟವೂ ಇಲ್ಲೇ ತೀರಿತು. ಕೆನ್ನೆ ಒರಗುವ ಪಟ್ಟಿ ನನಗೆ ತಗ್ಗಾಗಿತ್ತು, ಕೌಲ್ ಬಜಾರಿನ ಬಡಗಿಯೊಬ್ಬರು ತೇಗದ ತುಂಡು ಉಜ್ಜಿ ಕೊಟ್ಟರು. ಅದಕ್ಕೆ ಕೊಟ್ಟ ದುಡ್ಡು ಸ್ಪ್ರಿಂಗ್ ಗನ್ ಮೇಲೆ ಕೂರಿಸಿದ್ದ ಸ್ಕೋಪಿಗಿಂತ ಎಷ್ಟೋ ಕಡಿಮೆ. ಆ ಸ್ಕೋಪು ಒದೆತಕ್ಕೆ ತಿಂಗಳಲ್ಲೇ ಅಲ್ಲಾಡಿತು. ಹೇಗೂ 10 ಮೀಟರ್ ಪಂದ್ಯದಲ್ಲಿ ಸ್ಕೋಪಿಗೆ ಜಾಗವಿಲ್ಲ, ಸಣ್ಣ ತೂತಿನಲ್ಲಿ ನೋಡಿ ಗುರಿ ಹಿಡಿಯುವ ಪೀಪ್ ಸೈಟೇ. ಪೆಲೆಟ್ ಚಪ್ಪಟೆ ಮೂತಿಯದೇ ತಗೊಳ್ಳಿ, ಚೂಪು ಮೂತಿಯದು ಕಾಗದ ಹರಿಯುತ್ತದೆ. ಸೀಸ ಮುಟ್ಟಿದ ಕೈ ತೊಳೆದೇ ಮಿರ್ಚಿ ತಿನ್ನಿ.

ಸ್ಪ್ರಿಂಗ್ ಗನ್ ಮಾರಿಲ್ಲ. ಪಂಪು ಹೊಡೆಯಲು ಮೈ ಬಗ್ಗದ ದಿನ ಅದನ್ನೇ ತೆಗೆಯುತ್ತೇನೆ. ಆ ದಿನದ ಸ್ಕೋರ್ ಮಾತ್ರ ನೋಟ್‌ಬುಕ್ಕಿಗೆ ಹತ್ತಿಸಲ್ಲ.