ಸ್ವೀಡನ್‌ನ 1734ರ ಕಾನೂನಾ, ಜರ್ಮನಿಯ ಬಿಜಿಬಿನಾ? ಪ್ರಾಜೆಕ್ಟ್‌ಗೆ ಯಾವ್ದು ತಗೋಬೇಕು

ಕಂಪ್ಯಾರಟಿವ್ ಲಾ ಪ್ರಾಜೆಕ್ಟ್‌ಗೆ ಇವೆರಡರಲ್ಲಿ ಒಂದು ಆರಿಸ್ಬೇಕು ಅಂದ್ರೆ ನನ್ನ ಓಟು ಸ್ವೀಡನ್‌ಗೆ. ಬಿಜಿಬಿ, ಅಂದ್ರೆ ಜರ್ಮನಿಯ ಸಿವಿಲ್ ಕೋಡ್ (ಆಸ್ತಿ, ಕಾಂಟ್ರ್ಯಾಕ್ಟ್, ಮದುವೆ ಇಂಥ ವಿಷಯಗಳ ಕಾನೂನು), 1900ರಲ್ಲಿ ಜಾರಿಗೆ ಬಂತು, ಐದು ಭಾಗ, ಮೊದಲನೇ ಭಾಗ ಪೂರ್ತಿ ಸಾಮಾನ್ಯ ತತ್ವಗಳೇ, ಓದ್ತಿದ್ರೆ ಪ್ರೊಫೆಸರ್‌ಗಳು ಕೂತು ಕಟ್ಟಿದಂಗೆ ಅನ್ಸುತ್ತೆ. ಸ್ವೀಡನ್ನಿನದು ಹಂಗಲ್ಲ. 1686ರಲ್ಲಿ ಕಮಿಷನ್ ಕೂತು, 1734ರಲ್ಲಿ ಪಾಸಾಗಿ, 1736ರಲ್ಲಿ ಜಾರಿಗೆ ಬಂತು, ಸಾಮಾನ್ಯ ತತ್ವಗಳ ಭಾಗನೇ ಇಲ್ಲ, ಮದುವೆ, ಆಸ್ತಿ ಹಂಚಿಕೆ, ಜಮೀನು, ವ್ಯಾಪಾರ ಅಂತ ನೇರವಾಗಿ ವಿಷಯಕ್ಕೇ ಬರುತ್ತೆ, ಕ್ರೈಮು ಕೋರ್ಟು ಎಲ್ಲಾ ಸೇರಿ ಒಂಬತ್ತು ಭಾಗ.

ಅದರಲ್ಲಿ ಆಸ್ತಿ ಹಂಚಿಕೆ ಭಾಗ ನೋಡ್ಲೇಬೇಕು. ಹಳ್ಳೀಲಿ ಮಗಳಿಗೆ ಮಗನ ಪಾಲಿನ ಅರ್ಧ, ಪೇಟೇಲಿ ಇಬ್ರಿಗೂ ಸಮ! ಮಧ್ಯಯುಗದ ಲೆಕ್ಕ ಹಂಗೇ ಮುಂದುವರಿದು ಕೊನೆಗೆ 1845ರಲ್ಲಿ ಎಲ್ಲರಿಗೂ ಸಮ ಆಯ್ತು (ನಮ್ಮಲ್ಲಿ ಹೆಣ್ಮಕ್ಕಳ ಪಾಲಿನ ಜಗಳ ನೋಡಿದೋರಿಗೆ ಇದು ಬೇಗ ತಲೆಗೆ ಹೋಗುತ್ತೆ).

ಇನ್ನೊಂದು, ಬಿಜಿಬಿ ತಿದ್ದುಪಡಿ ಆಗ್ತಾ ಒಂದೇ ಕೋಡ್ ಆಗಿ ಉಳೀತು, ಸ್ವೀಡನ್ನಲ್ಲಿ ಒಂದೊಂದೇ ಭಾಗ ಬದಲಾಗ್ತಾ ಕಾಂಟ್ರ್ಯಾಕ್ಟ್‌ಗೆ 1915ರಲ್ಲಿ ಬೇರೆ ಕಾಯ್ದೆ, ಜಮೀನಿಗೆ 1970ರಲ್ಲಿ ಹೊಸ ಕೋಡ್, ಆದ್ರೂ ವ್ಯಾಪಾರದ ಭಾಗದ ಕೆಲವು ಚೂರು ಇವತ್ತಿಗೂ ಜೀವಂತ.

ಟೈಮ್ ಕಮ್ಮಿ ಇದ್ರೆ ಮಾತ್ರ ಬಿಜಿಬಿ ತಗೊಳ್ಳಿ, ಇಂಗ್ಲಿಷ್ ಅನುವಾದ ಆನ್‌ಲೈನ್‌ನಲ್ಲಿ ಫ್ರೀಯಾಗಿ ಸಿಗುತ್ತೆ.